ಕಲ್ಲಿದ್ದಲಿಲ್ಲದ ನಾಡಿಗೂ ಕಲ್ಲಿದ್ದಲು ಬಲ್ಲ ಭೂವಿಜ್ಞಾನಿ ಬೇಕು

ಹಾಸನ ಜಿಲ್ಲೆಯ ಗಂಡಸಿಯ ಸುತ್ತಿನ ನೆಲದಲ್ಲಿ ಕಲ್ಲಿದ್ದಲನ್ನು ಅರಸುವುದು ವ್ಯರ್ಥಶ್ರಮ. ಇದೇ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷಗಳ ವಯಸ್ಸನ್ನು ಭೂವಿಜ್ಞಾನಿಗಳು ಗಣಿಸಿದ್ದಾರೆ. ನುಗ್ಗೇಹಳ್ಳಿಯ ಸೀಮೆಯಲ್ಲಿ ಹಬ್ಬಿ ಬೈರಾಪುರದ ಕ್ರೋಮೈಟ್ ಗಣಿಗೆ ಒಡಲಾಗಿರುವ ಶಿಲಾಪಟ್ಟಿಯೂ, ಹಳೇಬೀಡಿನ ಶಿಲ್ಪಿಗಳ ಉಳಿಗೆ ಮೈಯೊಡ್ಡಿದ ಬಳಪದ ಕಲ್ಲೂ ಬಹು ಪ್ರಾಚೀನವಾದವುಗಳೇ. ಭರತಖಂಡದ ಮುಖ್ಯ ಕಲ್ಲಿದ್ದಲಾದರೋ ಗೊಂಡ್ವಾನ ಕಾಲದ್ದು, ಎಂದರೆ ಸುಮಾರು 30 ಕೋಟಿ ವರ್ಷಗಳಿಂದ ಈಚೆಗೆ, ಜೌಗು ನೆಲದಲ್ಲಿ ಬೆಳೆದು ಬಿದ್ದು ಹೂತುಹೋದ ಸಸ್ಯರಾಶಿಯ ಪರಿಣಾಮ. ಕಾಡೇ ಹುಟ್ಟದಿದ್ದ ಕಾಲದ ಕಲ್ಲಿನಲ್ಲಿ ಕಾಡಿನ ಅವಶೇಷ ದೊರೆಯುವುದೆಂತು?

ಆದರೆ ನಮ್ಮ ನೆಲದಲ್ಲಿ ಇಲ್ಲವೆಂಬ ಮಾತ್ರಕ್ಕೆ ಅದು ನಮಗೆ ಸಂಬಂಧಿಸಿದ ವಿಷಯವಲ್ಲವೆಂದು ತಿಳಿಯುವುದು ಸರಿಯಲ್ಲ. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದಿಳಿದ ಕಲ್ಲಿದ್ದಲು ಘಾಟಿಯನ್ನೇರಿ, ಹಾಸನವನ್ನು ದಾಟಿ, ಅರಸೀಕೆರೆಯ ಜಂಕ್ಷನ್ನಿನ ಮೂಲಕ ಬಳ್ಳಾರಿಯ ಕಡೆಗೆ ಸಾಗುವುದನ್ನು ಈ ಪ್ರಾಂತದ ಜನ ಕಂಡಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವನ್ನು ಕಂಡು ಮುಂದೆ 1720 ಮೆಗಾವಾಟ್‌ಗೆ ಬೆಳೆದ ಶಾಖೋತ್ಪನ್ನ ಸ್ಥಾವರ, ಕುಡಿತಿನಿಯ ಬಳಿಯ ಬಳ್ಳಾರಿ ಸ್ಥಾವರ, ಯರಮರಸ್, ಕೂಡಗಿ, ಉಡುಪಿ ಜಿಲ್ಲೆಯ ಎಲ್ಲೂರು, ಇವೆಲ್ಲವೂ ಕಲ್ಲಿದ್ದಲನ್ನೇ ಉಣ್ಣುವ ಸ್ಥಾವರಗಳು. ಗಂಡಸಿಯ ತೆಂಗಿನ ತೋಟದ ಪಂಪ್‌ಸೆಟ್ಟಿಗೆ ರಾತ್ರಿಯ ಪಾಳಿಯಲ್ಲಿ ಬರುವ ತ್ರೀಫೇಸ್ ಕರೆಂಟಿನಲ್ಲಿಯೂ ಅದರ ಪಾಲು ಉಂಟು. ಅಷ್ಟೇ ಅಲ್ಲ: ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಾರಂಜ್ ಎಂಬಲ್ಲಿ ನಮ್ಮ ಕರ್ನಾಟಕ ವಿದ್ಯುತ್ ನಿಗಮಕ್ಕೆ ಕಲ್ಲಿದ್ದಲಿನ ಗಣಿಯೇ ಇದೆ. 2014ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಗೊಳಿಸಿದಾಗ ಇದೂ ಕೈಬಿಟ್ಟು, ಮರುವರ್ಷ ಹೊಸ ಹಂಚಿಕೆಯಲ್ಲಿ ಮರಳಿ ನಿಗಮದ ಪಾಲಿಗೆ ಬಂದಿತು. ಹೀಗೆ ಕನ್ನಡಿಗರು ಕಲ್ಲಿದ್ದಲಿನ ಗಿರಾಕಿಗಳು ಮಾತ್ರವಲ್ಲದೆ ಗಣಿಯ ಒಡೆಯರೂ ಆಗಿದ್ದಾರೆ. ಒಡೆತನವೆಂದ ಮೇಲೆ ಅದಕ್ಕೆ ತಕ್ಕ ವಿದ್ಯೆಯೂ ಇರಬೇಕಷ್ಟೆ.

ಭೂವಿಜ್ಞಾನದಲ್ಲಿ ನಾವು ಬಡವರೆಂದು ಯಾರೂ ಹೇಳಲಾರರು. ಮೈಸೂರು ಸಂಸ್ಥಾನವು 1894ರಲ್ಲಿಯೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಆ ಇಲಾಖೆಯಲ್ಲಿ ಪಳಗಿದ ಬಿ.ಪಿ. ರಾಧಾಕೃಷ್ಣರಂಥವರು 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಹುಟ್ಟಿಗೆ ಕಾರಣರಾಗಿ, ಬೆಂಗಳೂರನ್ನು ಈ ಶಾಸ್ತ್ರದ ಒಂದು ಕೇಂದ್ರವನ್ನಾಗಿ ಮಾಡಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ತನ್ನ ಹೊಸ ಅಧಿಕಾರಿಗಳಿಗೆ ಹೈದರಾಬಾದಿನ ಸಂಸ್ಥೆಯಲ್ಲಿ ಪಾಠ ಹೇಳಿ, ಪುರಾತನ ಶಿಲೆಗಳ ಕ್ಷೇತ್ರಾಭ್ಯಾಸಕ್ಕೆಂದು ಕಳುಹಿಸುವುದು ನಮ್ಮ ಚಿತ್ರದುರ್ಗಕ್ಕೆ. ಆದರೆ ಅದೇ ಸಂಸ್ಥೆ ಜಾರ್ಖಂಡಿನ ಕಲ್ಲಿದ್ದಲು ಸೀಮೆಯಾದ ಕುಜು ಎಂಬಲ್ಲಿ ಬೇರೊಂದು ತರಬೇತಿ ಕೇಂದ್ರವನ್ನು ಇರಿಸಿಕೊಂಡಿರುವುದು ಗಮನಾರ್ಹ. ಚಿತ್ರದುರ್ಗದಲ್ಲಿ ಕಲಿತದ್ದರಿಂದ ಕುಜುವಿನ ಕೆಲಸ ನಡೆಯದೆಂಬ ತಿಳಿವು ಆ ವ್ಯವಸ್ಥೆಯ ಹಿಂದೆ ಇದೆ. ನಮ್ಮ ವಿಶ್ವವಿದ್ಯಾಲಯಗಳು ಮನಗಾಣಬೇಕಾದುದು ಇದನ್ನೇ.

ಭೇದವೇನೆಂಬುದನ್ನು ಕಲ್ಲಿದ್ದಲು ಸೀಮೆಯ ಒಂದು ಕೊರೆತದ ತಾಣದಲ್ಲಿ ನಿಂತು ನೋಡಬೇಕು. ಅಲ್ಲಿ ಟೊಳ್ಳಾದ ಕೊರೆಯುವ ಕೊಳವೆಯೊಳಗಿಂದ ಕಲ್ಲಿನ ಕಂಬಿಯೊಂದು, ಕೆಲಸಗಾರರು ಕೋರ್ ಎಂದು ಕರೆಯುವುದು, ತುಂಡುತುಂಡಾಗಿ ಮೇಲೆ ಬರುತ್ತದೆ. ಅದನ್ನು ಬಂದ ಕ್ರಮ ತಪ್ಪದಂತೆ, ಮೇಲಿನ ತುದಿ ಯಾವುದು ಕೆಳಗಿನ ತುದಿ ಯಾವುದೆಂಬುದು ಅದಲುಬದಲಾಗದಂತೆ, ಅಂಕಣಗಳುಳ್ಳ ಪೆಟ್ಟಿಗೆಯಲ್ಲಿ ಜೋಡಿಸಿ, ಆಳವನ್ನು ಬರೆದ ಚೀಟಿಯನ್ನು ನಡುನಡುವೆ ಇಟ್ಟು, ಕೊರೆದ ಉದ್ದವೆಷ್ಟು ಕೈಗೆ ಬಂದ ಉದ್ದವೆಷ್ಟು ಎಂದು ಅಳೆಯಬೇಕು. ಮರಳುಗಲ್ಲು ಗಟ್ಟಿಯಾಗಿ ಬರುತ್ತದೆ. ಕಲ್ಲಿದ್ದಲು ಪುಡಿಯಾಗಿ ಜಾರಿಹೋಗುತ್ತದೆ. ಬೇಕಾದ ವಸ್ತುವೇ ಕಾಣೆಯಾಗಿ ಬೇಡವಾದದ್ದು ಪೆಟ್ಟಿಗೆ ತುಂಬುವ ಅಪಾಯ ಇಲ್ಲಿ ನಿತ್ಯದ್ದು. ದೊರೆತ ಕಲ್ಲಿದ್ದಲಿನಲ್ಲಿಯೂ ಹೊಳೆಯುವ ಪಟ್ಟೆ, ಮಂಕಾದ ಪಟ್ಟೆ, ನಡುವೆ ಬೆರಳಗಲದ ಜೇಡಿಯ ಪದರ, ಇವನ್ನು ಒಂದೊಂದಾಗಿ ಬಿಡಿಸಿ ಬರೆದುಕೊಂಡು, ತೇವ ಆರುವ ಮುನ್ನ ಮಾದರಿಯನ್ನು ಗಾಳಿಯಾಡದಂತೆ ಕಟ್ಟಿ ಪ್ರಯೋಗಶಾಲೆಗೆ ಕಳುಹಿಸಬೇಕು. ಗ್ರಾನೈಟಿನ ತುಂಡು ಹತ್ತು ವರ್ಷ ಕಪಾಟಿನಲ್ಲಿದ್ದರೂ ಗ್ರಾನೈಟೇ. ಕಲ್ಲಿದ್ದಲಿನ ಮಾದರಿ ಕೆಲವೇ ದಿನ ಬಯಲಲ್ಲಿದ್ದರೆ ಅದರ ತೇವ ಬೇರೆ, ಶಾಖದ ಲೆಕ್ಕವೂ ಬೇರೆ. ಈ ಎಚ್ಚರವನ್ನು ಯಾವ ಪಠ್ಯಪುಸ್ತಕವೂ ಕೈಗೆ ಕಲಿಸಲಾರದು. ಅನುಭವಿಯಾದ ಹಿರಿಯನ ಪಕ್ಕದಲ್ಲಿ ಒಂದು ಋತುವಾದರೂ ಕುಳಿತು ಕಲಿಯಬೇಕು.

ನಮ್ಮ ಕಡೆ ನೆಲ ಕೊರೆಯುವುದೇನೂ ಕಡಿಮೆಯಿಲ್ಲ. ಅರಸೀಕೆರೆ ತಾಲೂಕಿನ ಯಾವ ಹಳ್ಳಿಗೆ ಹೋದರೂ ರಿಗ್ ಲಾರಿ ನಿಂತದ್ದನ್ನು ಕಾಣದವರಿಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟು ನಡೆಯುವವನು ಪಾಯಿಂಟ್ ತೋರಿಸುತ್ತಾನೆ. ಕೇಸಿಂಗ್ ಪೈಪು ಇಳಿಯುತ್ತದೆ. ಇಡೀ ತೋಟ ಬೂದುಬಣ್ಣದ ಕಲ್ಲುಹುಡಿಯಿಂದ ಮುಚ್ಚಿಹೋಗುತ್ತದೆ. ನೀರು ಬಂದರೆ ಪೂಜೆ, ಬಾರದಿದ್ದರೆ ಸಾಲ. ಎಷ್ಟು ಅಡಿಗೆ ಯಾವ ಕಲ್ಲು ಸಿಕ್ಕಿತು, ಎಲ್ಲಿ ಬಿರುಕಿತ್ತು ಎಂಬುದನ್ನು ಬರೆದಿಡುವವರು ವಿರಳ. ಬರೆದಿಟ್ಟಿದ್ದರೆ ಪಕ್ಕದ ತೋಟದವನ ಎಷ್ಟೋ ಹಣ ಉಳಿಯುತ್ತಿತ್ತು. ಕೊಳವೆ ಬಾವಿಯ ವಿಷಯದಲ್ಲಿ ಈ ಅಲಕ್ಷ್ಯದ ದಂಡವನ್ನು ಒಂದು ಕುಟುಂಬ ತೆರುತ್ತದೆ. ಕಲ್ಲಿದ್ದಲಿನ ವಿಷಯದಲ್ಲಾದರೆ ಇಡೀ ನಾಡು ತೆರಬೇಕಾಗುತ್ತದೆ.

ಆ ದಂಡ ಎರಡು ಬಗೆಯದು. ಮೊದಲನೆಯದು ಹಣದ್ದು. 2012ರಿಂದೀಚೆಗೆ ನಮ್ಮ ಕಲ್ಲಿದ್ದಲನ್ನು ಅದರ ಶಾಖಮೌಲ್ಯಕ್ಕೆ ಅನುಗುಣವಾಗಿ 17 ದರ್ಜೆಗಳಾಗಿ ವಿಂಗಡಿಸಲಾಗಿದೆ. ಮೇಲ್ತುದಿಯ ದರ್ಜೆಯದು ಕಿಲೋಗ್ರಾಮಿಗೆ 7000 ಕಿಲೋಕ್ಯಾಲೊರಿಗೆ ಮೀರಿದ್ದು, ಅಲ್ಲಿಂದ ಕೆಳಕ್ಕೆ ಒಂದೊಂದು ದರ್ಜೆಗೂ 300ರ ಅಂತರ. ಬೆಲೆ ನಿಲ್ಲುವುದು ಈ ದರ್ಜೆಯ ಮೇಲೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ; ಹಲವೆಡೆ ಶೇಕಡಾ 30ರಿಂದ 45ರವರೆಗೂ ಇರುತ್ತದೆ. ಪದರದ ನಡುವಿನ ಜೇಡಿಯನ್ನು ಕೊರೆತದ ದಿನವೇ ಗುರುತಿಸದೆ ಬಿಟ್ಟರೆ, ಕಾಗದದ ಮೇಲಿನ ಒಳ್ಳೆಯ ಕಲ್ಲಿದ್ದಲು ರಾಯಚೂರಿನ ಬಾಯ್ಲರಿಗೆ ಬರುವ ಹೊತ್ತಿಗೆ ಅರೆಬೂದಿಯಾಗಿರುತ್ತದೆ. ಅದರ ರೈಲು ಸಾಗಣೆಯ ವೆಚ್ಚವೂ ಕೊನೆಗೆ ವಿದ್ಯುತ್ ದರದಲ್ಲಿ ಸೇರಿ ನಮ್ಮ ಮನೆಯ ಬಿಲ್ಲಿಗೇ ಬರುತ್ತದೆ.

ಎರಡನೆಯದು ಪ್ರಾಣದ್ದು. 1975ರ ಡಿಸೆಂಬರ್ 27ರಂದು ಧನಬಾದ್ ಸೀಮೆಯ ಚಾಸ್ನಾಲಾ ಗಣಿಯೊಳಕ್ಕೆ, ಮೇಲಿದ್ದ ಹಳೆಯ ಗಣಿಯಲ್ಲಿ ನಿಂತ ನೀರು ನುಗ್ಗಿ 375 ಮಂದಿ ಮಡಿದರು. 2016ರ ಡಿಸೆಂಬರಿನಲ್ಲಿ ಜಾರ್ಖಂಡಿನ ರಾಜಮಹಲ್ ತೆರೆದ ಗಣಿಯಲ್ಲಿ ಕಲ್ಲುಮಣ್ಣುಗಳ ಮಹಾರಾಶಿ ಕುಸಿದು 23 ಮಂದಿ ಸತ್ತರು. ಇಂಥ ದುರಂತಗಳ ಹೊಣೆಯನ್ನು ಒಬ್ಬ ಭೂವಿಜ್ಞಾನಿಯ ಮೇಲೆ ಹೊರಿಸುವುದು ಅನ್ಯಾಯ. ಆದರೆ ನೀರು ಎಲ್ಲಿದೆ, ಸ್ತರಭಂಗ ಎಲ್ಲಿ ಹಾದಿದೆ, ಹಳೆಯ ಸುರಂಗಕ್ಕೂ ಹೊಸದಕ್ಕೂ ನಡುವೆ ಉಳಿದ ಗೋಡೆ ಎಷ್ಟು ದಪ್ಪ, ಇಳಿಜಾರು ಎಷ್ಟು ಭಾರವನ್ನು ತಾಳೀತು ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಬೇಕಾದವರಲ್ಲಿ ಅವನು ಒಬ್ಬನೆಂಬುದು ನಿರ್ವಿವಾದ.

ಹೀಗಿರಲು, ನಮ್ಮ ವ್ಯವಸ್ಥೆಯ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಗಣಿಯ ಮ್ಯಾನೇಜರನಾಗಲು, ಓವರ್‌ಮನ್ ಆಗಲು, ಸರ್ವೇಯರ್ ಆಗಲು, ಕೆಲಸಗಾರರ ಗುಂಪನ್ನು ನೋಡಿಕೊಳ್ಳುವ ಸರದಾರನಾಗಲು ಸಹ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆಯಬೇಕು. ಆ ನೆಲದ ಒಳಗನ್ನು ಓದಿ ಇವರೆಲ್ಲರಿಗೂ ನಕ್ಷೆ ಬರೆದುಕೊಡುವ ಭೂವಿಜ್ಞಾನಿಗೆ ಅಂಥ ಪರೀಕ್ಷೆಯೂ ಇಲ್ಲ, ಪತ್ರವೂ ಇಲ್ಲ. ಪದವಿ ಮತ್ತು ನೇಮಕದ ಆಯ್ಕೆ, ಇಷ್ಟೇ ಅವನ ಅರ್ಹತೆ. ಆಸ್ಟ್ರೇಲಿಯದಲ್ಲಿ 1989ರಿಂದ ನಡೆದುಬಂದಿರುವ ಜೋರ್ಕ್ ಸಂಹಿತೆಯ ಪ್ರಕಾರ, ನಿಕ್ಷೇಪದ ಲೆಕ್ಕವನ್ನು ಪ್ರಕಟಿಸುವಾಗ ಅದಕ್ಕೆ ಹೊಣೆಯಾದವನ ಹೆಸರಿರಬೇಕು. ಅವನಿಗೆ ಅದೇ ಬಗೆಯ ನಿಕ್ಷೇಪದಲ್ಲಿ ಕನಿಷ್ಠ ಐದು ವರ್ಷಗಳ ಅನುಭವವಿರಬೇಕು. ತಪ್ಪಿದರೆ ದಂಡಿಸಬಲ್ಲ ವೃತ್ತಿಸಂಘವೊಂದರ ಸದಸ್ಯತ್ವವಿರಬೇಕು. ಅದೇ ಬಗೆಯ ನಿಕ್ಷೇಪದಲ್ಲಿ ಎಂಬ ಷರತ್ತೇ ಇಲ್ಲಿ ಮುಖ್ಯ. ಚಿನ್ನವನ್ನು ಬಲ್ಲವನು ಕಲ್ಲಿದ್ದಲನ್ನೂ ಬಲ್ಲನೆಂದು ಆ ಸಂಹಿತೆ ಒಪ್ಪುವುದಿಲ್ಲ.

ಕಲ್ಲಿದ್ದಲಿನ ಕಾಲವೇ ಮುಗಿಯುತ್ತ ಬಂದಿರುವಾಗ ಈ ಪರಿಶ್ರಮವೇಕೆಂದು ಕೆಲವರು ಕೇಳಬಹುದು. ವಾಯುಗುಣದ ದೃಷ್ಟಿಯಿಂದ ಅದು ಬೇಗ ಮುಗಿಯಲೆಂದು ನಾನೂ ಹಾರೈಸುವವನೇ. ಆದರೆ 2024-25ನೇ ಸಾಲಿನಲ್ಲಿ ದೇಶದ ಉತ್ಪಾದನೆ 100 ಕೋಟಿ ಟನ್ನನ್ನು ದಾಟಿತೆಂಬ ಸಂಗತಿಯನ್ನು ಹಾರೈಕೆಯಿಂದ ಅಳಿಸಲಾಗದು. ಅದೂ ಅಲ್ಲದೆ, ಗಣಿ ಮುಚ್ಚಿದ ಮಾತ್ರಕ್ಕೆ ನೆಲ ಸುಮ್ಮನಾಗುವುದಿಲ್ಲ. ಜಾರ್ಖಂಡಿನ ಕಲ್ಲಿದ್ದಲು ಸೀಮೆಯಾದ ಝರಿಯಾದಲ್ಲಿ 1916ರಲ್ಲಿ ಕಂಡ ಭೂಗತ ಬೆಂಕಿ ನೂರು ವರ್ಷ ಕಳೆದರೂ ಉರಿಯುತ್ತಲೇ ಇದೆ. ಕುಸಿಯುವ ನೆಲ, ಕಲುಷಿತವಾಗುವ ಅಂತರ್ಜಲ, ಹೊತ್ತಿಕೊಳ್ಳುವ ಪದರ, ಇವುಗಳ ಶುಶ್ರೂಷೆಗೆ ಕಲ್ಲಿದ್ದಲಿನ ಉತ್ಪಾದನೆ ನಿಂತ ಮೇಲೆಯೂ ಬಲ್ಲವರು ಬೇಕು. ಕಂಪನಿಗಳೇ ತಮ್ಮವರಿಗೆ ಕಲಿಸಿಕೊಳ್ಳಲಿ ಎಂಬ ವಾದವೂ ಅರ್ಧಸತ್ಯ. ಗಣಿಯ ಲಾಭವನ್ನೆಣಿಸುವವರೇ ಅದರ ಅಳತೆಗಾರನಿಗೆ ಏಕೈಕ ಗುರುವಾದರೆ, ಅಪ್ರಿಯ ಸತ್ಯವನ್ನು ಬರೆಯುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಆದಕಾರಣ ಮಾಡತಕ್ಕ ಕಾರ್ಯ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರವು ಸರ್ವೇಯರನಿಗಿರುವಂತೆಯೇ ಕಲ್ಲಿದ್ದಲು ಗಣಿಯ ಭೂವಿಜ್ಞಾನಿಗೂ ಶಾಸನಬದ್ಧವಾದ ಅರ್ಹತಾಪತ್ರವನ್ನು ಏರ್ಪಡಿಸಬೇಕು. ಕ್ಷೇತ್ರದಲ್ಲಿ ಕಳೆದ ಕಾಲ, ಸ್ವತಃ ದಾಖಲಿಸಿದ ಕೋರ್, ಸುರಕ್ಷತೆಯ ಜ್ಞಾನ, ಇವು ಅದರ ಆಧಾರವಾಗಬೇಕು. ಕೆಲವು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಕರ್ನಾಟಕ ಅಷ್ಟರವರೆಗೆ ಕಾಯಬೇಕಾಗಿಲ್ಲ. ವಿದ್ಯುತ್ ನಿಗಮಕ್ಕೆ ಬಾರಂಜ್ ಉಂಟು. 1871ರಲ್ಲಿ ವಿಲಿಯಂ ಕಿಂಗ್ ಯೆಲ್ಲಂದುವಿನ ಬಳಿ ಗುರುತಿಸಿದ ನಿಕ್ಷೇಪದಿಂದ ಬೆಳೆದ ಸಿಂಗರೇಣಿ ನೆರೆಯ ತೆಲಂಗಾಣದಲ್ಲಿಯೇ ಉಂಟು. ಮೈಸೂರು, ಬೆಂಗಳೂರು, ಧಾರವಾಡಗಳ ಭೂವಿಜ್ಞಾನ ವಿಭಾಗಗಳಿಂದ ವರ್ಷವರ್ಷವೂ ಕೆಲವು ವಿದ್ಯಾರ್ಥಿಗಳನ್ನು ಆಯ್ದು, ಶಿಷ್ಯವೇತನ ಕೊಟ್ಟು, ಒಂದು ಪೂರ್ಣ ಋತು ಆ ಗಣಿಗಳ ಕೊರೆತದ ತಾಣಗಳಲ್ಲಿ ಇರಿಸುವುದು ನಿಗಮಕ್ಕೆ ಭಾರವಾದ ವೆಚ್ಚವೇನಲ್ಲ. ಬೂದಿ ಹೆಚ್ಚಾದ ಕಲ್ಲಿದ್ದಲಿಗೆ ತೆರುವ ಬೆಲೆಯ ಮುಂದೆ ಅದು ಅತ್ಯಲ್ಪ. ಮುಂಬರುವ ಆಯವ್ಯಯದಲ್ಲಿ ಇಂಧನ ಇಲಾಖೆಯು ಇದಕ್ಕೊಂದು ಸಾಲನ್ನು ಮೀಸಲಿಡಲಿ. ನಮ್ಮ ಶಾಸಕರು ಅದನ್ನು ಕೇಳಿ ಪಡೆಯಲಿ.