ಗ್ರಾಮದ ಹಿರಿಯರೂ ಬೇಸಾಯದ ಸುಧಾರಣೆಯೂ

ಬೇಸಾಯದ ಹೊಸ ಕ್ರಮವೊಂದು ಗ್ರಾಮವನ್ನು ಪ್ರವೇಶಿಸಿದಾಗ, ಅದು ಅಲ್ಲಿ ಬೇರೂರುವುದೂ ಒಣಗಿಹೋಗುವುದೂ ಆ ಕ್ರಮದ ಗುಣದೋಷಗಳನ್ನು ಮಾತ್ರವೇ ಅವಲಂಬಿಸಿರುವುದಿಲ್ಲ. ಅದನ್ನು ಮೊದಲು ಯಾರು ಕೈಗೊಂಡರು, ಎಂತಹ ಭಾವದಿಂದ ಕೈಗೊಂಡರು, ನೆರೆಹೊರೆಯವರಿಗೆ ಯಾವ ರೀತಿಯಲ್ಲಿ ತಿಳಿಸಿದರು ಎಂಬುದನ್ನೂ ಅವಲಂಬಿಸಿರುತ್ತದೆ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಔಷಧವು ಒಂದು ಊರಿನಲ್ಲಿ ಕೆಲವೇ ವರ್ಷಗಳೊಳಗೆ ಮನೆಮನೆಯ ಬಳಕೆಯಾಗುವುದೂ, ಪಕ್ಕದ ಊರಿನಲ್ಲಿ ಕಾಗದದ ಮೇಲಿನ ಹೆಸರಾಗಿ ಮಾತ್ರ ಉಳಿಯುವುದೂ ಉಂಟು. ಈ ವ್ಯತ್ಯಾಸಕ್ಕೆ ರೈತರ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ವಾಡಿಕೆಯಾಗಿದೆ. ಆದರೆ ಸಾವಧಾನವಾಗಿ ವಿಚಾರಿಸಿದಲ್ಲಿ, ಅನೇಕ ವೇಳೆ ಕೊರತೆಯಿರುವುದು ರೈತರಲ್ಲಲ್ಲ, ಅವರನ್ನು ಮುಂದೆ ನಡೆಸಬೇಕಾದ ಹಿರಿಯರಲ್ಲಿ ಎಂಬುದು ಗೋಚರವಾಗುತ್ತದೆ.

ಅಧಿಕಾರವೂ ಪ್ರಭಾವವೂ ಒಂದೇ ಅಲ್ಲ. ಅಧಿಕಾರವು ಸರ್ಕಾರದಿಂದ ಬರುತ್ತದೆ. ಪ್ರಭಾವವು ಜನರ ನಂಬಿಕೆಯಿಂದ ಬರುತ್ತದೆ. ವಂಶಪಾರಂಪರ್ಯವಾಗಿ ನಡೆದುಬಂದಿದ್ದ ಪಟೇಲಿಕೆ, ಶಾನುಭೋಗಿಕೆಗಳು 1961ರ ಶಾಸನದಿಂದ ರದ್ದಾದುವು. ಹೀಗಿದ್ದಾಗ್ಯೂ, ಅನೇಕ ಗ್ರಾಮಗಳಲ್ಲಿ ಆ ಮನೆತನಗಳ ಹಿರಿಯರ ಮಾತಿಗೆ ಇಂದಿಗೂ ಬೆಲೆಯುಂಟು. ಬೇರೆ ಕೆಲವು ಗ್ರಾಮಗಳಲ್ಲಿ ಹುದ್ದೆಯೊಡನೆ ಗೌರವವೂ ಹೊರಟುಹೋಯಿತು. ಮೊದಲನೆಯ ಬಗೆಯವರು ಹುದ್ದೆಯಿದ್ದಾಗಲೇ ಜನರ ವಿಶ್ವಾಸವನ್ನು ಸಂಪಾದಿಸಿಕೊಂಡಿದ್ದರು. ಎರಡನೆಯ ಬಗೆಯವರು ಹುದ್ದೆಯ ಭಯವನ್ನೇ ವಿಶ್ವಾಸವೆಂದು ಭ್ರಮಿಸಿದ್ದರು. ಪಂಚಾಯಿತಿಯ ಅಧ್ಯಕ್ಷರಿಗಾಗಲಿ, ಸಹಕಾರ ಸಂಘದ ಮುಖ್ಯಸ್ಥರಿಗಾಗಲಿ, ಹೆಚ್ಚು ಜಮೀನುಳ್ಳ ಯಜಮಾನರಿಗಾಗಲಿ ಈ ವಿವೇಚನೆಯು ಈಗಲೂ ಅಷ್ಟೇ ಅವಶ್ಯಕವಾಗಿದೆ.

ಮುಂದಾಳಿಗೆ ಬೇಕಾದ ಮೊದಲನೆಯ ಗುಣವೆಂದರೆ ಕಲಿಯುವ ಮನಸ್ಸು. 1889ರಲ್ಲಿ ಇಂಗ್ಲೆಂಡಿನಿಂದ ಭಾರತದ ಬೇಸಾಯವನ್ನು ಪರೀಕ್ಷಿಸಲು ಕಳುಹಿಸಲ್ಪಟ್ಟ ರಸಾಯನಶಾಸ್ತ್ರಜ್ಞರಾದ ಡಾಕ್ಟರ್ ವೋಲ್ಕರ್ ಅವರು, 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ, ಇಲ್ಲಿಯ ರೈತನು ಸಾಧಾರಣ ಆಂಗ್ಲ ಬೇಸಾಯಗಾರನಿಗೆ ಕಡಿಮೆಯವನಲ್ಲವೆಂದೂ ಕೆಲವು ವಿಷಯಗಳಲ್ಲಿ ಅವನಿಗಿಂತ ಮೇಲೆಂದೂ ಅಭಿಪ್ರಾಯಪಟ್ಟರು. ತಿದ್ದುವುದಕ್ಕೆಂದು ಬಂದವರು ಮೊದಲು ನೋಡಿ ತಿಳಿದುಕೊಂಡರೆಂಬುದು ಇಲ್ಲಿ ಗಮನಾರ್ಹವಾದುದು.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವು ಆಲ್ಬರ್ಟ್ ಹೋವರ್ಡ್ ಅವರದು. ಇವರು 1905ರಲ್ಲಿ ಬಿಹಾರದ ಪೂಸಾ ಸಂಶೋಧನಾಲಯಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದರು. ಸುತ್ತಮುತ್ತಲ ರೈತರ ಹೊಲಗಳಲ್ಲಿ ಯಾವ ಔಷಧವನ್ನೂ ಸಿಂಪಡಿಸದೆಯೇ ಪೈರುಗಳು ಬಹುಮಟ್ಟಿಗೆ ಕೀಟರೋಗಗಳಿಲ್ಲದೆ ಬೆಳೆಯುತ್ತಿದ್ದುದನ್ನು ಕಂಡು, ಆ ರೈತರನ್ನೂ ಪೈರಿಗೆ ಬರುವ ಕೀಟಗಳನ್ನೂ ತಮ್ಮ ಗುರುಗಳೆಂದು ಭಾವಿಸಿದರು. ಪೈರಿಗೆ ಕೀಟ ಬಿದ್ದರೆ, ಆ ಭೂಮಿಗೋ ಆ ತಳಿಗೋ ಬೇಸಾಯಕ್ಕೋ ಏನೋ ಹೊಂದಿಕೆಯಾಗಿಲ್ಲವೆಂಬುದನ್ನು ಕೀಟವೇ ತಿಳಿಸುತ್ತದೆಂದು ಅವರ ಅಭಿಪ್ರಾಯ. ಹೀಗೆ ಕಲಿತವರೇ ಮುಂದೆ ಪೂಸಾ ಗೋದಿಯ ತಳಿಗಳನ್ನು ಒದಗಿಸಿದರು. 1924ರಿಂದ ಇಂದೂರಿನಲ್ಲಿದ್ದು, ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರಪದರವಾಗಿ ಒಟ್ಟಿ, ಕಾಲಕಾಲಕ್ಕೆ ತಿರುವಿಹಾಕಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. 1931ರಲ್ಲಿ ಈ ವಿಷಯವಾಗಿ ಹೊರಟ ಗ್ರಂಥದ ಮೇಲೆ ತಮ್ಮ ಹೆಸರಿನೊಡನೆ ಸಹಾಯಕರಾಗಿದ್ದ ಯಶವಂತ ವಾಡ್ ಅವರ ಹೆಸರನ್ನೂ ಅಚ್ಚುಮಾಡಿಸಿದರು. ಕೀರ್ತಿಯನ್ನು ಹಂಚಿಕೊಂಡದ್ದರಿಂದ ಹೋವರ್ಡರ ಕೀರ್ತಿಯು ಕುಂದಲಿಲ್ಲ.

ಮಲೆನಾಡಿನ ಅಡಕೆ ತೋಟದವರಿಗೆ ಚಿರಪರಿಚಿತವಾದ ಬೋರ್ಡೋ ದ್ರಾವಣದ ಹುಟ್ಟೂ ಇದೇ ನೀತಿಯನ್ನು ಬೋಧಿಸುತ್ತದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರು, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು, ರಸ್ತೆಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. 1882ರಲ್ಲಿ ಮಿಲಾರ್ದೆ ಎಂಬ ಪ್ರಾಧ್ಯಾಪಕರು ಆ ದಾರಿಯಲ್ಲಿ ಹೋಗುತ್ತಿರುವಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಷ್ಟುರೋಗದಿಂದ ಎಲೆ ಉದುರಿಸಿ ನಿಂತಿದ್ದರೂ ರಸ್ತೆಯ ಅಂಚಿನವು ಮಾತ್ರ ಹಸುರಾಗಿರುವುದನ್ನು ಕಂಡರು. ಕಂಡು ಸುಮ್ಮನಾಗದೆ ತೋಟದವರನ್ನು ಕೇಳಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಪ್ರಕಟಪಡಿಸಿದರು. ಕಳ್ಳರಿಗೆ ಹೂಡಿದ ಉಪಾಯವು ಲೋಕಕ್ಕೆಲ್ಲ ಔಷಧವಾಯಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ತೋಟದವರನ್ನು ಪ್ರಶ್ನಿಸುವುದು ತಮ್ಮ ಘನತೆಗೆ ಕುಂದೆಂದು ಭಾವಿಸಿದ್ದರೆ ಈ ಲಾಭವು ಎಷ್ಟು ಕಾಲ ತಪ್ಪಿಹೋಗುತ್ತಿತ್ತೋ ಹೇಳಲಾಗದು.

ಈ ದ್ರಾವಣವನ್ನು ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದವರು ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮುಂದೆ ಬಹುಕಾಲ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಈ ಮಹನೀಯರು, ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರಿಸಿದರು. ಅದಕ್ಕೆ ಮುಂಚೆ ತೋಟಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಗಲದಂತೆ ಕಾಪಾಡಿಕೊಳ್ಳುತ್ತಿದ್ದರು. ಈ ಹಳೆಯ ಪದ್ಧತಿಯಲ್ಲಿಯೂ ತಿಳಿವಳಿಕೆಯಿತ್ತು: ನೀರೇ ರೋಗದ ವಾಹನವೆಂಬುದನ್ನು ತೋಟಗಾರರು ಶಾಸ್ತ್ರಕ್ಕೆ ಮೊದಲೇ ಅನುಭವದಿಂದ ಅರಿತಿದ್ದರು. ಹೊಸ ಔಷಧವು ಆ ಅರಿವನ್ನು ಹುಸಿಯೆನ್ನಲಿಲ್ಲ. ಅದಕ್ಕೆ ಸುಲಭವಾದ ದಾರಿಯನ್ನು ತೋರಿಸಿತು. ಹಳೆಯದನ್ನು ಹಳಿದು ಹೊಸದನ್ನು ಹೇಳುವವರಿಗೆ ಕಿವಿಗೊಡುವವರು ಕಡಿಮೆ. ಹಳೆಯದರಲ್ಲಿರುವ ಸತ್ಯವನ್ನು ಒಪ್ಪಿ ಮುಂದಕ್ಕೆ ಕರೆದೊಯ್ಯುವವರ ಹಿಂದೆ ಜನರು ನಡೆಯುತ್ತಾರೆ.

ಕೊಳೆರೋಗವು ಒಬ್ಬರ ತೋಟದ ಬೇಲಿಗೆ ನಿಲ್ಲತಕ್ಕದ್ದಲ್ಲ. ಕೊಳೆತ ಕಾಯಿಗಳನ್ನು ಮರದಲ್ಲಿಯೂ ನೆಲದಲ್ಲಿಯೂ ಬಿಟ್ಟ ಒಂದು ತೋಟವು ಸುತ್ತಲಿನ ತೋಟಗಳಿಗೆಲ್ಲ ರೋಗದ ಮಡುವಾಗುತ್ತದೆ. ಆದುದರಿಂದ ಇಲ್ಲಿ ಊರವರೆಲ್ಲ ಒಟ್ಟಾಗಿ ನಡೆಯದ ಹೊರತು ಯಾರಿಗೂ ಪೂರ್ಣ ರಕ್ಷೆಯಿಲ್ಲ. ಇಂತಹ ಸ್ಥಿತಿಯಲ್ಲಿ ಕಟ್ಟುನಿಟ್ಟಾದ ಅಪ್ಪಣೆಯೇ ಮೇಲಲ್ಲವೇ, ವಿನಯದಿಂದ ಒಲಿಸಿಕೊಳ್ಳುತ್ತ ಕುಳಿತರೆ ಮಳೆಗಾಲ ಕಾಯುತ್ತದೆಯೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯು ನಿರಾಧಾರವಲ್ಲ. ಅಂಟುರೋಗಗಳ ವಿಷಯದಲ್ಲಿ ಶಾಸನವೂ ಅಗತ್ಯವಾದೀತು. ಆದರೆ ಅಪ್ಪಣೆಗೆ ಒಂದು ಎಲ್ಲೆಯುಂಟು. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ ಬೇಕು. ಬೆರೆಸಿದ ತರುವಾಯ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಚಾಕುವಿಗೆ ತಾಮ್ರದ ಕೆಂಪುಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ಮಳೆಗಾಲದ ಆರಂಭಕ್ಕೆ ಮುಂಚೆ ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಜುಲ್ಮಾನೆಯ ಭಯದಿಂದ ಸಿಂಪಡಿಸುವವನು ಸಿಂಪಡಿಸಿದನೆಂದು ಹೇಳಿಸಿಕೊಳ್ಳುತ್ತಾನೆಯೇ ಹೊರತು ಚಾಕುವನ್ನು ಅದ್ದಿ ನೋಡುವುದಿಲ್ಲ. ಚಾಕುವನ್ನು ಅದ್ದಿಸುವ ಶಕ್ತಿಯು ಮನವರಿಕೆಗೆ ಮಾತ್ರವೇ ಇದೆ.

ಇದಲ್ಲದೆ, ರೋಗದ ಮೊದಲ ಚಿಹ್ನೆಯನ್ನು ಕಾಣುವವರು ತೋಟದ ಯಜಮಾನರಲ್ಲ. ಮರದ ತುದಿಗೇರಿ ಕೊನೆಯನ್ನು ಕಣ್ಣೆದುರಿಗೇ ನೋಡುವ ಕೊನೆಗೌಡನೇ ಅದನ್ನು ಮೊದಲು ಕಾಣತಕ್ಕವನು. ಅವನ ಮಾತನ್ನು ಕೇಳುವ ವಾಡಿಕೆಯಿಲ್ಲದ ಮನೆಯಲ್ಲಿ ಅವನು ಕಂಡದ್ದನ್ನು ಹೇಳುವುದಿಲ್ಲ. ಹೇಳಿದರೂ ಕೂಲಿಗಾಗಿ ಹೇಳಿದನೆಂದು ಸಂಶಯಪಡುತ್ತಾರೆ. ಹಾಗೆಯೇ ಬೀಜವನ್ನು ಆರಿಸಿ ಕಾಪಾಡುವ, ಕಳೆ ಕೀಳುವ, ಹಸುವಿನ ಮೇವು ಹಾಲುಗಳನ್ನು ದಿನವೂ ನೋಡುವ ಹೆಂಗಸರಿಗೆ ತಿಳಿದಿರುವ ಎಷ್ಟೋ ವಿಷಯಗಳು ಯಜಮಾನರ ಜಗಲಿಯನ್ನು ತಲಪುವುದೇ ಇಲ್ಲ. ಆಳಾಗಬಲ್ಲವನು ಅರಸಾಗಬಲ್ಲನೆಂಬ ಗಾದೆಯ ಅರ್ಥವು ಇಲ್ಲಿಯೇ ಇದೆ. ಕೆಳಗಿನವರ ಕಣ್ಣಿನಿಂದ ನೋಡಲಾರದವರಿಗೆ ತಮ್ಮ ಜಮೀನಿನ ಅರ್ಧ ಭಾಗವು ಯಾವಾಗಲೂ ಕತ್ತಲೆಯಲ್ಲಿಯೇ ಇರುತ್ತದೆ.

ನಷ್ಟವನ್ನು ಮೊದಲು ಹೊರತಕ್ಕವರು ಯಾರೆಂಬುದು ಇನ್ನೂ ಮುಖ್ಯವಾದ ವಿಷಯ. ಒಂದೆರಡು ಎಕರೆ ಮಾತ್ರ ಇರುವ ರೈತನು ಹೊಸ ಬೀಜವನ್ನು ಕೂಡಲೇ ಬಿತ್ತದಿದ್ದರೆ ಅದನ್ನು ಮೊಂಡುತನವೆನ್ನುವುದು ಅನ್ಯಾಯ. ಬೆಳೆ ಕೆಟ್ಟರೆ ಅವನ ಮನೆಯ ಒಂದು ವರ್ಷದ ಅನ್ನವೇ ಹೋಗುತ್ತದೆ. ಹತ್ತಾರು ಎಕರೆಯುಳ್ಳವರು ಒಂದು ಎಕರೆಯಲ್ಲಿ ಪರೀಕ್ಷಿಸಿ ನೋಡಿ ಸೋತರೂ ಅವರ ಒಲೆ ಆರುವುದಿಲ್ಲ. ಆದುದರಿಂದ ಪರೀಕ್ಷೆಯ ಭಾರವು ನ್ಯಾಯವಾಗಿ ದೊಡ್ಡ ಹಿಡುವಳಿದಾರರಿಗೆ ಸೇರತಕ್ಕದ್ದು. ಸಂಕಟವೇನೆಂದರೆ, ಅನೇಕ ಗ್ರಾಮಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಸಹಾಯಧನವೂ ಬೀಜದ ಚೀಲಗಳೂ ಮೊದಲು ದೊಡ್ಡವರ ಮನೆಗೆ ಹೋಗುತ್ತವೆ, ಉಪದೇಶವು ಮಾತ್ರ ಚಿಕ್ಕವರ ಹೊಲಕ್ಕೆ ಬರುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಜನರು ಆಡಿಕೊಂಡರೆ ಅದರಲ್ಲಿ ಆಶ್ಚರ್ಯವೇನು?

ಪರೀಕ್ಷೆಯ ಫಲವನ್ನು ಮರೆಮಾಚದಿರುವುದೂ ಅಷ್ಟೇ ಅವಶ್ಯಕ. ರಸ್ತೆಯ ಬದಿಯ ತಾಕಿಗೆ ಎರಡು ಪಟ್ಟು ಗೊಬ್ಬರ ಸುರಿದು, ಫಲಕ ನೆಟ್ಟು, ಅಧಿಕಾರಿಗಳಿಗೆ ತೋರಿಸುವ ಬೆಳೆಯಿಂದ ನೆರೆಯವನು ಏನನ್ನೂ ಕಲಿಯುವುದಿಲ್ಲ. ಅವನಿಗೆ ಗೊಬ್ಬರದ ಲೆಕ್ಕವು ಚೆನ್ನಾಗಿ ಗೊತ್ತಿರುತ್ತದೆ. ಖರ್ಚು ಇಷ್ಟು, ಹುಟ್ಟುವಳಿ ಇಷ್ಟು, ಇಂತಹ ಕಡೆಯಲ್ಲಿ ಸೋತೆವು ಎಂದು ಮುಚ್ಚುಮರೆಯಿಲ್ಲದೆ ಹೇಳುವ ಹಿರಿಯರ ಗೌರವವು ತಗ್ಗುವುದೆಂಬ ಭೀತಿಯು ಸಲ್ಲದು. ಸೋತದ್ದನ್ನು ಸೋತೆವೆಂದವರು ಗೆದ್ದೆವೆಂದಾಗ ಮಾತ್ರ ಜನರು ನಂಬುತ್ತಾರೆ.

ಈ ಗುಣಗಳೆಲ್ಲ ಒಂದೆಡೆ ಸೇರಿದಾಗ ಆಗತಕ್ಕ ಕಾರ್ಯವೆಷ್ಟೆಂಬುದಕ್ಕೆ ಕನ್ನಡನಾಡಿನ ಗ್ರಾಮವೊಂದೇ ಸಾಕ್ಷಿಯಾಗಿದೆ. 1904ರಲ್ಲಿ ಸಹಕಾರ ಸಂಘಗಳ ಶಾಸನವು ಜಾರಿಗೆ ಬಂದ ಮರುವರ್ಷವೇ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರವರನ್ನು ಒಟ್ಟುಗೂಡಿಸಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳುವಳಿಯ ಚರಿತ್ರೆಯಲ್ಲಿ ಈ ಸಂಘಕ್ಕೆ ಮೊದಲ ಸ್ಥಾನವು ಸಲ್ಲುತ್ತದೆ. ಶಾಸನವನ್ನು ಮಾಡಿದವರು ದೂರದ ರಾಜಧಾನಿಯಲ್ಲಿದ್ದರು. ಅದಕ್ಕೆ ಜೀವ ಕೊಟ್ಟದ್ದು ಗ್ರಾಮದ ಹಿರಿಯರೊಬ್ಬರ ಮೇಲಿದ್ದ ನಂಬಿಕೆ.

ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘವು 1946ರ ಡಿಸೆಂಬರಿನಲ್ಲಿ ನೋಂದಣಿಯಾದಾಗ, ಅದರ ಅಧ್ಯಕ್ಷರಾದ ತ್ರಿಭುವನದಾಸ ಪಟೇಲರು ಊರೂರು ತಿರುಗಿ ರೈತರನ್ನು ಒಪ್ಪಿಸಿದರು. ಆರಂಭದಲ್ಲಿ ಎರಡೇ ಗ್ರಾಮಗಳ ಸಂಘಗಳು, ದಿನಕ್ಕೆ 247 ಲೀಟರ್ ಹಾಲು. 1949ರಲ್ಲಿ ಆನಂದಕ್ಕೆ ಬಂದ ಯುವಕ ಇಂಜಿನಿಯರಾದ ವರ್ಗೀಸ್ ಕುರಿಯನ್ ಅವರ ಕೈಗೆ ಪಟೇಲರು ಆಡಳಿತವನ್ನು ಒಪ್ಪಿಸಿ, ತಮಗೆ ತಿಳಿಯದ ಯಂತ್ರವಿಷಯದಲ್ಲಿ ತಲೆಹಾಕದೆ, ರೈತರ ವಿಶ್ವಾಸವನ್ನು ಕಾಪಾಡುವ ಕೆಲಸವನ್ನು ಮಾತ್ರ ಉಳಿಸಿಕೊಂಡರು. ತಮಗಿಂತ ಹೆಚ್ಚು ಬಲ್ಲ ಕಿರಿಯರಿಗೆ ಎಡೆಕೊಡುವುದು ಹಿರಿತನದ ಕಠಿಣವಾದ ಪರೀಕ್ಷೆ. ಅವರು ನಿವೃತ್ತರಾದಾಗ ಸದಸ್ಯರು ತಲೆಗೊಂದು ರೂಪಾಯಿಯಂತೆ ಕೂಡಿಸಿಕೊಟ್ಟ ನಿಧಿಯನ್ನು ಗ್ರಾಮಗಳ ಆರೋಗ್ಯಕಾರ್ಯಕ್ಕೆ ಧರ್ಮಸಂಸ್ಥೆಯಾಗಿ ಬಿಟ್ಟರು. ಆನಂದದ ಮಾದರಿಯನ್ನೇ ಅನುಸರಿಸಿ 1974ರಿಂದ ಕರ್ನಾಟಕದಲ್ಲಿಯೂ ಹಾಲಿನ ಸಹಕಾರ ಸಂಘಗಳು ಹಬ್ಬಿದುವು.

ಗ್ರಾಮದ ಮುಖಂಡರೂ ಜಮೀನುದಾರರೂ ಇದರಿಂದ ಗ್ರಹಿಸತಕ್ಕದ್ದು ಕಷ್ಟವಾದುದೇನೂ ಅಲ್ಲ. ಮನೆಗೆದ್ದು ಮಾರುಗೆಲ್ಲಬೇಕು. ಬರುವ ಹಂಗಾಮಿನಲ್ಲಿ ಹೊಸ ಕ್ರಮವೊಂದನ್ನು ಊರಿಗೆ ತರಬೇಕೆನ್ನುವವರು, ತಮ್ಮ ಸಾಧಾರಣವಾದ ಭೂಮಿಯ ಒಂದು ತಾಕಿನಲ್ಲಿ, ಸಾಧಾರಣ ರೈತನ ಖರ್ಚಿನಲ್ಲಿಯೇ ಅದನ್ನು ಮೊದಲು ಮಾಡಿನೋಡತಕ್ಕದ್ದು. ಅದಕ್ಕೆ ಮುಂಚೆ ಊರಿನ ಹಳೆಯ ಪದ್ಧತಿಗೆ ಕಾರಣವೇನೆಂದು ವೃದ್ಧರನ್ನೂ ಆಳುಗಳನ್ನೂ ಹೆಂಗಸರನ್ನೂ ಕೇಳತಕ್ಕದ್ದು. ಲೆಕ್ಕವನ್ನು ಎಲ್ಲರೆದುರಿಗೆ ಇಡತಕ್ಕದ್ದು. ಫಲಿಸಿದಲ್ಲಿ, ಎರಡನೆಯ ವರ್ಷದ ಬೀಜವನ್ನೂ ಹೆಸರನ್ನೂ ಚಿಕ್ಕ ರೈತರಿಗೆ ಬಿಟ್ಟುಕೊಡತಕ್ಕದ್ದು. ಇಲಾಖೆಯ ನೌಕರರಿಗೂ ಈ ನಿಯಮವು ಸಮಾನವಾಗಿಯೇ ಅನ್ವಯಿಸುತ್ತದೆ. ಹೊಲದ ಬದುವಿನ ಮೇಲೆ ನಿಂತು ಹೇಳುವುದಕ್ಕಿಂತ ಹೊಲಕ್ಕಿಳಿದು ಕೇಳುವುದರಲ್ಲಿ ಅವರ ಕಾರ್ಯವು ಸುಲಭವಾಗುತ್ತದೆ. ಹಿರಿಯರು ಮುಂದೆ ಬಂದು ಹೀಗೆ ನಡೆದುಕೊಂಡ ಗ್ರಾಮದಲ್ಲಿ, ಅವರು ಹಿಂದೆ ಸರಿದ ಮೇಲೂ ಸುಧಾರಣೆಯು ನಿಲ್ಲುವುದಿಲ್ಲ.