ಎಣ್ಣೆ ಎಲ್ಲಿ ಹೋಯಿತು?

ಎಂ.ಕೆ. ಹುಬ್ಬಳ್ಳಿಯ ಸುತ್ತಮುತ್ತ, ಮಲಪ್ರಭೆಯ ನೀರು ಹತ್ತುವ ಹೊಲಗಳಲ್ಲಿ ಎರಡು ಬಗೆಯ ಟ್ರ್ಯಾಕ್ಟರುಗಳು ಕಾಣಸಿಗುತ್ತವೆ. ಒಂದು, ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟಿ ಹೊರಡುವ ದೊಡ್ಡ ಟ್ರ್ಯಾಕ್ಟರು. ಇನ್ನೊಂದು, ಕಬ್ಬಿನ ಎರಡು ಸಾಲುಗಳ ನಡುವೆ ನುಸುಳಿ ಕಳೆ ತೆಗೆದು ಮಣ್ಣು ಏರಿಸಬಲ್ಲ ಸಣ್ಣ ಟ್ರ್ಯಾಕ್ಟರು. ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನ ಬಳಸಿ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ತಂದ 18.5 ಅಶ್ವಶಕ್ತಿಯ 'ಶಕ್ತಿ' ಈ ಸಣ್ಣ ಜಾತಿಗೆ ಸೇರಿದ್ದು. ದೊಡ್ಡ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಒಬ್ಬ ಡ್ರೈವರ್ ಇರುತ್ತಾನೆ. ಸಣ್ಣದಕ್ಕೆ ಮನೆಮಂದಿಯೇ ಡ್ರೈವರ್, ಮನೆಮಂದಿಯೇ ಮೆಕ್ಯಾನಿಕ್. ಸಾಲಿಗೆ ಹೋಗುವ ಹುಡುಗನೂ ಅದರಲ್ಲಿ ಒಬ್ಬ.

ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ರವಿವಾರ, ಮುಂಜಾನೆ. ಸಣ್ಣ ಟ್ರ್ಯಾಕ್ಟರಿಗೆ ಡಬ್ಬಿ ಕಟ್ಟಿ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಒಯ್ದಿದ್ದಾರೆ. ಡಬ್ಬಿ ಹೈಡ್ರಾಲಿಕ್ಕಿನದು, ಲಿವರ್ ಎಳೆದರೆ ಮುಂಭಾಗ ಮೇಲೆದ್ದು ಗೊಬ್ಬರ ಹಿಂದಕ್ಕೆ ಸುರಿಯುತ್ತದೆ. ಆದರೆ ಇವತ್ತು ಡಬ್ಬಿ ಏಳುವಾಗ ತಡೆತಡೆದು, ನಡುಗುತ್ತ ಎದ್ದಿತು. ಗೊಬ್ಬರವೇನೋ ಬಿತ್ತು. ಅಪ್ಪ ಡಬ್ಬಿಯನ್ನು ಹಾಗೇ ಮೇಲೆ ಬಿಟ್ಟು, ಎಂಜಿನ್ ಬಂದ್ ಮಾಡಿ ಹುಡುಗನನ್ನು ಕರೆಯುತ್ತಾನೆ.

"ತಮ್ಮಾ, ಎಣ್ಣಿ ಎಷ್ಟೈತಿ ನೋಡು."

ಹುಡುಗ ಸೀಟಿನ ಹಿಂದಿನ ಅಳತೆಕಡ್ಡಿಯನ್ನು ಎಳೆದು ನೋಡುತ್ತಾನೆ. ಕಡ್ಡಿಯ ತುದಿಗೂ ಎಣ್ಣೆ ಹತ್ತಿಲ್ಲ. "ಅಪ್ಪಾ, ಒಣಗೈತಿ!" ಸೋರಿದ ಗುರುತು ನೆಲದ ಮೇಲೆ ಎಲ್ಲೂ ಇಲ್ಲ. ಮನೆಯಲ್ಲಿದ್ದ ಐದು ಲೀಟರಿನ ಡಬ್ಬ ಬರುತ್ತದೆ, ಪೂರ್ತಿ ಖಾಲಿಯಾಗುತ್ತದೆ. ಕಡ್ಡಿ ಈಗ ಸರಿಯಾದ ಗೆರೆ ತೋರಿಸುತ್ತದೆ. ಎಲ್ಲರಿಗೂ ಸಮಾಧಾನ. ಆಮೇಲೆ ಅಪ್ಪ ಡಬ್ಬಿಯನ್ನು ಕೆಳಗಿಳಿಸುತ್ತಾನೆ. ಸ್ವಲ್ಪ ಹೊತ್ತಿಗೆ ಉಸಿರುಗೊಳವೆಯ ಬಾಯಿಂದ ಎಣ್ಣೆ ಬುಳುಬುಳು ಉಕ್ಕಿ ಗೇರ್ ಪೆಟ್ಟಿಗೆಯ ಮೈಮೇಲೆ ಇಳಿಯತೊಡಗುತ್ತದೆ.

ಎಣ್ಣೆ ಎಲ್ಲಿಗೂ ಹೋಗಿರಲಿಲ್ಲ. ಡಬ್ಬಿಯ ಕೆಳಗಿನ ಜಾಕಿನಲ್ಲಿ ಕುಳಿತಿತ್ತು.

ಈ ತಪ್ಪು ಅಜ್ಞಾನಿಗಳು ಮಾತ್ರ ಮಾಡುವಂಥದ್ದಲ್ಲ. ಆತುರದಲ್ಲಿ ಯಾರೂ ಮಾಡಬಹುದು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರುಗಳಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ, ಒಂದೇ ಹೊಟ್ಟೆ. ಪಂಪು ಆ ಹೊಟ್ಟೆಯಿಂದ ಎಣ್ಣೆ ಹೀರಿ ಸಿಲಿಂಡರಿಗೆ ದೂಡುತ್ತದೆ. ಭಾರ ಮೇಲೇಳುತ್ತದೆ. ಭಾರ ಇಳಿದಾಗ ಎಣ್ಣೆ ಮರಳಿ ಹೊಟ್ಟೆಗೆ ಬರುತ್ತದೆ. ಕಡ್ಡಿ ತೋರಿಸುವುದು ಟ್ರ್ಯಾಕ್ಟರಿನಲ್ಲಿರುವ ಎಲ್ಲ ಎಣ್ಣೆಯನ್ನಲ್ಲ, ಆ ಗಳಿಗೆಯಲ್ಲಿ ಹೊಟ್ಟೆಯಲ್ಲಿ ಉಳಿದಿರುವುದನ್ನು ಮಾತ್ರ.

ಮೇಲೆ ಹೋದದ್ದು ಎಷ್ಟು? ಹತ್ತನೆಯ ತರಗತಿಯ ಹುಡುಗನಿಗೆ ಇದು ಬಾಯಿಪಾಠದ ಲೆಕ್ಕ. ಜಾಕಿನ ಒಳವ್ಯಾಸ 9 ಸೆಂ.ಮೀ., ಅದು ಹೊರಚಾಚುವ ಉದ್ದ 90 ಸೆಂ.ಮೀ. ಎಂದಿಟ್ಟುಕೊಂಡರೆ, ತ್ರಿಜ್ಯದ ವರ್ಗವನ್ನು ಪೈನಿಂದಲೂ ಎತ್ತರದಿಂದಲೂ ಗುಣಿಸಿದಾಗ 5,700 ಘನ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂದರೆ ಹತ್ತಿರ ಹತ್ತಿರ ಐದೂಮುಕ್ಕಾಲು ಲೀಟರು. ಒಟ್ಟು ಹದಿನಾರು ಲೀಟರು ಹಿಡಿಯುವ ಸಣ್ಣ ಟ್ರ್ಯಾಕ್ಟರಿಗೆ ಇದು ಮೂರರಲ್ಲಿ ಒಂದು ಪಾಲಿಗೂ ಮಿಗಿಲು. ನೇಗಿಲನ್ನೋ ರೋಟವೇಟರನ್ನೋ ಎತ್ತುವ ಒಳಗಿನ ಸಿಲಿಂಡರು ಇಷ್ಟು ದೊಡ್ಡದಲ್ಲ. ವ್ಯಾಸ 8, ಉದ್ದ 12 ಸೆಂ.ಮೀ. ಎಂದರೆ ಸುಮಾರು 600 ಘನ ಸೆಂ.ಮೀ., ಅರ್ಧ ಲೀಟರಿಗಿಂತ ತುಸು ಹೆಚ್ಚು. ಅದೂ ಕಡ್ಡಿಯ ಮೇಲೆ ಕಾಣುವಷ್ಟು ವ್ಯತ್ಯಾಸವೇ.

ಇಷ್ಟು ಸಣ್ಣ ಸಿಲಿಂಡರು ಅಷ್ಟು ದೊಡ್ಡ ಭಾರ ಎತ್ತುವ ಗುಟ್ಟನ್ನು ಹೇಳಿದವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662). ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಕುಂದದೆ ಎಲ್ಲ ದಿಕ್ಕಿಗೂ ಹರಡುತ್ತದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಹೊಲಕ್ಕೆ ಇದನ್ನು ತಂದ ಕೀರ್ತಿ ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್‌ನದು. ಅವನಿಗಿಂತ ಮೊದಲು ಟ್ರ್ಯಾಕ್ಟರು ನೇಗಿಲನ್ನು ಎತ್ತಿನಂತೆ ಹಿಂದೆ ಎಳೆಯುತ್ತಿತ್ತು. ನೇಗಿಲು ಬಂಡೆಗೆ ಸಿಕ್ಕರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಭಯ. ಫರ್ಗ್ಯುಸನ್ ನೇಗಿಲನ್ನು ಮೂರು ತೋಳುಗಳಲ್ಲಿ ಟ್ರ್ಯಾಕ್ಟರಿಗೇ ಜೋಡಿಸಿ, ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವಂತೆ ಮಾಡಿದ. 1939ರಲ್ಲಿ ಹೆನ್ರಿ ಫೋರ್ಡ್ ಕಂಪನಿಯೊಡನೆ ಅವನು ತಂದ ಟ್ರ್ಯಾಕ್ಟರಿನಿಂದ ಈ ಏರ್ಪಾಡು ಮನೆಮಾತಾಯಿತು. ಇವತ್ತು ಯಾವ ಕಂಪನಿಯ ಟ್ರ್ಯಾಕ್ಟರಿನ ಹಿಂಬದಿ ನೋಡಿದರೂ ಆ ಮೂರು ತೋಳುಗಳು ಇರುತ್ತವೆ.

ಪಂಪಿನ ಒತ್ತಡ ಎಷ್ಟಿರುತ್ತದೆಂದು ತಿಳಿದರೆ ಮುಂದಿನ ಮಾತು ಮನಸ್ಸಿಗೆ ಹತ್ತುತ್ತದೆ. ಸೈಕಲ್ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 3 ಕೆ.ಜಿ.; ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಲ್ಲಿ ಸುಮಾರು 150 ಕೆ.ಜಿ., ಕೆಲವದರಲ್ಲಿ ಇನ್ನೂ ಹೆಚ್ಚು. ಮೇಲೆ ಹೇಳಿದ 8 ಸೆಂ.ಮೀ. ವ್ಯಾಸದ ಸಿಲಿಂಡರಿನ ಮೇಲೆ ಇದು ಏಳೂವರೆ ಟನ್ನಿನ ಬಲ. ತೋಳುಗಳ ತುದಿಗೆ ಬರುವಾಗ ಸನ್ನೆಗೋಲಿನ ನಿಯಮದಂತೆ ಬಲ ಕಡಿಮೆಯಾಗಿ ಎತ್ತುವ ಎತ್ತರ ಹೆಚ್ಚುತ್ತದೆ. ಆದರೂ ಉಳಿದದ್ದು ಮನುಷ್ಯನನ್ನು ಮಣ್ಣಿಗೆ ಒತ್ತಲು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆ ರವಿವಾರದ ಹೊಲಕ್ಕೆ ಮರಳೋಣ. ಕಡ್ಡಿ ಒಣಗಿದೆ ಎಂದಾಗ ಅಪ್ಪನ ಬಾಯಲ್ಲಿ ಬರುವ ಎರಡನೆಯ ಮಾತು ಸಾಮಾನ್ಯವಾಗಿ ಇದು: "ಡಬ್ಬಿ ಕೆಳಗ ಹೋಗಿ ಪೈಪ್ ಸೋರಾಕತ್ತೈತೇನು ನೋಡು." ಹುಡುಗ ಬಗ್ಗುತ್ತಾನೆ. ಬದುವಿನ ಮೇಲಿದ್ದ ಅವ್ವ ಕೂಗುತ್ತಾಳೆ: "ಅದರ ಬುಡಕ ಹೋಗಬ್ಯಾಡೋ ಯಪ್ಪಾ!" ಪ್ಯಾಸ್ಕಲ್ಲನ ಹೆಸರು ಕೇಳದ ಆಕೆಯ ಮಾತೇ ಇಲ್ಲಿ ಶಾಸ್ತ್ರ.

ಎಂಜಿನ್ ನಿಂತಿದೆ, ಆದ್ದರಿಂದ ಡಬ್ಬಿಯೂ ನಿಂತಿದೆ ಎಂಬುದು ದೊಡ್ಡ ಭ್ರಮೆ. ಎತ್ತಲು ಎಂಜಿನ್ ಬೇಕು, ಇಳಿಯಲು ಬೇಡ. ಡಬ್ಬಿಯ ತೂಕವೇ ಸಾಕು. ಮೇಲಿರುವ ಡಬ್ಬಿಯನ್ನು ತಡೆದು ಹಿಡಿದಿರುವುದು ಒಂದು ವಾಲ್ವು, ಒಂದು ರಬ್ಬರ್ ಸೀಲು, ಒಂದು ಪೈಪು. ಸೀಟಿನ ಮೇಲೆ ಆಡುತ್ತಿರುವ ತಂಗಿ ಲಿವರ್ ಮುಟ್ಟಿದರೂ ಸಾಕು, ಹಳೆಯ ಪೈಪು ಒಡೆದರೂ ಸಾಕು. ದುರಸ್ತಿಗಾಗಿ ಡಬ್ಬಿ ಮೇಲಿರಲೇಬೇಕಾದರೆ, ಖಾಲಿ ಡಬ್ಬಿಯ ಕೆಳಗೆ ಕಂಪನಿಯೇ ಕೊಟ್ಟಿರುವ ಉಕ್ಕಿನ ಆನಿಕೆಯನ್ನು ಕೊಟ್ಟು ನಿಲ್ಲಿಸಬೇಕು. ಕಲ್ಲು, ಇಟ್ಟಿಗೆ, ಕಬ್ಬಿನ ಹೊರೆ ಆನಿಕೆಯಲ್ಲ.

ಸೋರಿಕೆಯನ್ನು ಬರಿಗೈಯಲ್ಲಿ ಸವರಿ ಹುಡುಕುವ ಅಭ್ಯಾಸ ಇನ್ನೂ ಕೆಟ್ಟದ್ದು. ಸೂಜಿಮೊನೆಯಷ್ಟು ತೂತಿನಿಂದ ಅಂಥ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದು ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಒಂದು ಚುಕ್ಕೆ, ಮುಳ್ಳು ಚುಚ್ಚಿದಂತೆ. ಮೊದಮೊದಲು ಅಷ್ಟೇನೂ ನೋವಿಲ್ಲ. ಒಳಗೆ ಮಾತ್ರ ಎಣ್ಣೆ ಸ್ನಾಯುಗಳ ನಡುವೆ ಹರಡಿ ಮಾಂಸವನ್ನು ಕೊಳೆಸತೊಡಗುತ್ತದೆ. ಕೆಲವೇ ತಾಸುಗಳಲ್ಲಿ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳು, ಕೈ ಕಳೆದುಕೊಳ್ಳುವ ಸಂಭವವಿದೆ. ಅರಿಸಿನ ಹಚ್ಚಿ, ಬೆಳಗಾಗಲಿ ನೋಡೋಣ ಎನ್ನುವ ಗಾಯ ಇದಲ್ಲ. ಆಸ್ಪತ್ರೆಗೆ ಹೋದವರು "ಒತ್ತಡದ ಎಣ್ಣೆ ಒಳಗೆ ಹೊಕ್ಕಿದೆ" ಎಂದು ಸ್ಪಷ್ಟವಾಗಿ ಹೇಳಬೇಕು; ಇಲ್ಲದಿದ್ದರೆ ವೈದ್ಯರಿಗೂ ಅದು ಬರೀ ಚುಕ್ಕೆಯಾಗಿಯೇ ಕಾಣಬಹುದು. ಸೋರಿಕೆ ಹುಡುಕಲು ದೂರದಿಂದ ಹಿಡಿದ ರಟ್ಟಿನ ತುಂಡು ಸಾಕು. ಎಣ್ಣೆ ಬಿದ್ದಲ್ಲಿ ಅದು ಒದ್ದೆಯಾಗುತ್ತದೆ.

ಹಾಗಾದರೆ ಎಣ್ಣೆಯನ್ನು ಅಳೆಯುವುದು ಹೇಗೆ? ಸ್ವಾರಸ್ಯವೆಂದರೆ, ಸರಿಯಾಗಿ ಅಳೆಯುವ ಕ್ರಮವೂ ಜೀವ ಉಳಿಸುವ ಕ್ರಮವೂ ಒಂದೇ. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಬೇಕು. ಬದುವಿನ ಇಳಿಜಾರಿನಲ್ಲಿ ಎಣ್ಣೆ ಒಂದು ಮಗ್ಗುಲಿಗೆ ವಾಲಿ ಕಡ್ಡಿ ಸುಳ್ಳು ಹೇಳುತ್ತದೆ. ಡಬ್ಬಿ, ನೇಗಿಲು, ರೋಟವೇಟರು ಏನಿದ್ದರೂ ಪೂರ್ತಿ ನೆಲಕ್ಕೆ ಇಳಿದಿರಬೇಕು. ಎಂಜಿನ್ ಬಂದ್, ಕೈಬ್ರೇಕು ಹಾಕಿದ್ದು, ಕೀಲಿ ಕಿಸೆಯಲ್ಲಿ. ಆಮೇಲೆ ಐದು ಹತ್ತು ನಿಮಿಷ ಸುಮ್ಮನಿರಬೇಕು, ಗೇರುಗಳ ಮೇಲೆ ಚಿಮ್ಮಿದ ಎಣ್ಣೆ ಇಳಿದು ಬರುವವರೆಗೆ. ಕೆಲಸಕ್ಕೆ ಹೊರಡುವ ಮುನ್ನ ಬೆಳಿಗ್ಗೆ ನೋಡುವುದು ಇನ್ನೂ ಒಳ್ಳೆಯದು. ಕಾದ ಎಣ್ಣೆ ಹಿಗ್ಗುತ್ತದೆ. ಹದಿನಾರು ಲೀಟರು ಎಣ್ಣೆ 30 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಅರ್ಧ ಲೀಟರಿನಷ್ಟು ಉಬ್ಬುತ್ತದೆ.

ಕಡ್ಡಿ ಎಳೆಯುವ ಮೊದಲು ಅದರ ಸುತ್ತಲಿನ ಎರಿಮಣ್ಣಿನ ಹುಡಿಯನ್ನು ಒರೆಸಬೇಕು. ಇದನ್ನು ಅತಿ ಮಡಿ ಎಂದು ನಗುವವರಿದ್ದಾರೆ. ನಗುವ ಮುನ್ನ ಅವರು ಬೆಳಗಾವಿಯ ಮಚ್ಛೆ ಕೈಗಾರಿಕಾ ಪ್ರದೇಶಕ್ಕೊಮ್ಮೆ ಹೋಗಿಬಂದರೆ ಚೆನ್ನ. ಪಾಲಿಹೈಡ್ರಾನ್‌ನಂಥ ಕಾರ್ಖಾನೆಗಳು ಅಲ್ಲಿ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸಿ ಬೆಳಗಾವಿಗೆ ಈ ಕಸುಬಿನಲ್ಲಿ ಹೆಸರು ತಂದಿವೆ. ವಾಲ್ವಿನೊಳಗಿನ ಜಾರುಗಟ್ಟಿಗೂ ಅದರ ಗೂಡಿಗೂ ನಡುವೆ ಬಿಡುವ ಸಂದು ಕೆಲವೇ ಮೈಕ್ರಾನು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಕಣ್ಣಿಗೆ ಕಾಣದ ಮಣ್ಣಿನ ಕಣವೂ ಅಲ್ಲಿ ಬಂಡೆ. ಇದೇ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದವರು. ನೇಗಿಲಿಗೂ ಯಂತ್ರಕ್ಕೂ ಈ ಜಿಲ್ಲೆಯಲ್ಲಿ ಹಳೆಯ ನಂಟು.

ಕಡ್ಡಿಯನ್ನು ಒಮ್ಮೆ ಎಳೆದು ನಾರು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿ ಎಳೆದಾಗ ಕಾಣುವುದೇ ನಿಜವಾದ ಮಟ್ಟ. ತಿರುಪಿನ ಕಡ್ಡಿಯಾದರೆ ತಿರುವಿ ಅಳೆಯಬೇಕೇ, ಬರಿದೇ ಇಳಿಬಿಟ್ಟು ಅಳೆಯಬೇಕೇ ಎಂಬುದು ಮಾದರಿಗೊಂದು ತರ. ಕಂಪನಿ ಕೊಟ್ಟ ಪುಸ್ತಕವೇ ಪ್ರಮಾಣ. ಆ ಪುಸ್ತಕ ಬಹಳಷ್ಟು ಮನೆಗಳಲ್ಲಿ ಟ್ರೆಜರಿಯ ಕಾಗದಪತ್ರಗಳ ನಡುವೆ ಭದ್ರವಾಗಿದ್ದು, ಬೇಕಾದಾಗ ಸಿಗುವುದಿಲ್ಲ. ಎರಡು ಗೆರೆಗಳ ನಡುವೆ ಎಣ್ಣೆ ನಿಂತಿದ್ದರೆ ಸರಿ. ಬಣ್ಣವನ್ನೂ ನೋಡಬೇಕು. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಎಣ್ಣೆ ಕಾದು ಕೆಟ್ಟಿದೆ. ಮಿನುಗುವ ಕಣಗಳಿದ್ದರೆ ಒಳಗೆ ಯಾವುದೋ ಲೋಹ ಸವೆಯುತ್ತಿದೆ.

ಎಣ್ಣೆ ಕಡಿಮೆಯಾದರೆ ಪಂಪು ಎಣ್ಣೆಯೊಡನೆ ಗಾಳಿಯನ್ನೂ ಹೀರುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅದಕ್ಕೇ ಡಬ್ಬಿ ನಡುಗುವುದು, ಪಂಪು ಕೀಂಯ್ ಎನ್ನುವುದು. ಎಣ್ಣೆ ಹೆಚ್ಚಾದರೆ ತಿರುಗುವ ಗೇರುಗಳು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ. ನೊರೆ ಎಂದರೂ ಗಾಳಿಯೇ. ಆಗಲೂ ಡಬ್ಬಿ ನಡುಗುತ್ತದೆ. ನಡುಕ ಕಂಡೊಡನೆ ಇನ್ನಷ್ಟು ಸುರಿಯುವ ಅಪ್ಪ ರೋಗವನ್ನೇ ಔಷಧಿಯಾಗಿ ಕೊಡುತ್ತಿರುತ್ತಾನೆ. ಹೆಚ್ಚಾದ ಎಣ್ಣೆ ಸೀಲು ದಾಟಿ ಬ್ರೇಕಿನ ಗೂಡಿಗೆ ಇಳಿದರೆ, ಒಣ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಡಿಯುವುದಿಲ್ಲ. ಹೆದ್ದಾರಿಯ ಪಕ್ಕದ ಊರಿನಲ್ಲಿ ಇದು ಹಗುರದ ಮಾತಲ್ಲ.

ಕಡ ತಂದ ಡಬ್ಬಿಯ ಬಗೆಗೂ ಒಂದು ಮಾತು. ಹಳ್ಳಿಯಲ್ಲಿ ಒಂದೇ ಡಬ್ಬಿ ನಾಲ್ಕು ಟ್ರ್ಯಾಕ್ಟರುಗಳಿಗೆ ಓಡಾಡುತ್ತದೆ. ಅದರ ಜಾಕಿನಲ್ಲಿ ಉಳಿದದ್ದು ಮೊದಲಿನವರ ಎಣ್ಣೆ. ಪೈಪು ಜೋಡಿಸಿ ಎತ್ತಿ ಇಳಿಸಿದರೆ ಅದು ಇವರ ಟ್ರ್ಯಾಕ್ಟರಿನ ಹೊಟ್ಟೆಗೆ ಬರುತ್ತದೆ, ಇವರದು ಅಲ್ಲಿಗೆ ಹೋಗುತ್ತದೆ. ಕಂಪನಿ ಹೇಳಿದ ಎಣ್ಣೆಯನ್ನೇ ದುಬಾರಿ ಬೆಲೆ ಕೊಟ್ಟು ಹಾಕಿದವನಿಗೆ ಯಾರದೋ ಹಳೆಯ ಕಪ್ಪು ಎಣ್ಣೆ ಬಳುವಳಿಯಾಗಿ ಬಂದಿರುತ್ತದೆ. ಪೈಪಿನ ಬಾಯಿ ಮಣ್ಣಿನಲ್ಲಿ ಬಿದ್ದಿದ್ದರಂತೂ ಕೇಳುವುದೇ ಬೇಡ. ಡಬ್ಬಿಯನ್ನು ಪೂರ್ತಿ ಇಳಿಸಿದ ಮೇಲೆಯೇ ಪೈಪು ಕಳಚುವುದು, ಎರಡೂ ಬಾಯಿಗಳನ್ನು ಒರೆಸಿ ಮುಚ್ಚಳ ಹಾಕುವುದು, ಮರುದಿನ ಕಡ್ಡಿ ನೋಡುವುದು. ಇಷ್ಟಕ್ಕೆ ಹಣ ಬೇಕಿಲ್ಲ.

ಅಂಥ ಮನೆಯಲ್ಲಿ ಹುಡುಗ ಮಾಡಬಹುದಾದ ಕೆಲಸ ಒಂದಿದೆ. ಕಳೆದ ವರ್ಷದ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ತಾರೀಖು, ಗಂಟೆ ಮೀಟರಿನ ಅಂಕಿ, ಕಡ್ಡಿಯ ಮಟ್ಟ, ಹಾಕಿದ ಎಣ್ಣೆ ಎಷ್ಟು ಎಂದು ನಾಲ್ಕು ಕಾಲಂ ಎಳೆದು ಬರೆಯುತ್ತ ಹೋಗುವುದು. ತಿಂಗಳೊಪ್ಪತ್ತಿನಲ್ಲಿ ಮಟ್ಟ ಒಂದೇ ಸಮನೆ ಇಳಿಯುತ್ತಿದ್ದರೆ ಎಲ್ಲೋ ನಿಜವಾಗಿಯೂ ಸೋರುತ್ತಿದೆ ಎಂದು ಮೆಕ್ಯಾನಿಕ್ಕನಿಗೆ ತೋರಿಸಬಹುದು. ಮಟ್ಟ ಏರಿದ್ದರೆ ನೀರು ಸೇರಿರಬಹುದು, ಇಲ್ಲವೇ ಹಿಂದಿನ ದಿನ ಯಾರ ಡಬ್ಬಿ ಕಟ್ಟಿದ್ದೆವು ಎಂದು ಅಪ್ಪ ನೆನಪು ಮಾಡಿಕೊಳ್ಳಬೇಕಾಗುತ್ತದೆ.