ಗುಣವಾಯಿತೆಂದು ನೋಡಿದವರು ಯಾರು?

ಲೈಂಗಿಕ ಸಂಪರ್ಕದಿಂದ ಹರಡುವ ಗೊನೋರಿಯಾಕ್ಕೆ ಹೊಸ ಔಷಧ ಬಂದಿದೆ. ಜೊಲಿಫ್ಲೊಡಾಸಿನ್ ಎಂಬ ಪುಡಿ. ನೀರಿನಲ್ಲಿ ಕಲಸಿ ಒಂದೇ ಸಲ ಕುಡಿದರೆ ಆಯಿತು, ಸೂಜಿ ಬೇಡ. 2025ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಐದು ದೇಶಗಳ 930 ಜನರ ಮೇಲೆ ಅದರ ಕೊನೆಯ ಹಂತದ ಪ್ರಯೋಗ ನಡೆದಿತ್ತು. ಥಾಯ್ಲೆಂಡ್, ದಕ್ಷಿಣ ಆಫ್ರಿಕ ಅದರಲ್ಲಿದ್ದವು, ಭಾರತ ಇರಲಿಲ್ಲ.

ಹೋಲಿಕೆಗಾಗಿ ಸೆಫ್ಟ್ರಿಯಾಕ್ಸೋನ್ ಸೂಜಿಯ ಜೊತೆ ಅಜಿಥ್ರೊಮೈಸಿನ್ ಪಡೆದವರಲ್ಲಿ ಜನನಾಂಗದ ಸೋಂಕು ಶೇ. 96.2 ಮಂದಿಗೆ ವಾಸಿಯಾಯಿತು, ಹೊಸ ಪುಡಿ ಕುಡಿದವರಲ್ಲಿ ಶೇ. 90.9. ಕಡಿಮೆಯೇ. ಆದರೂ ಹೊಸದು ಗೆದ್ದಿತು, ಏಕೆಂದರೆ ಅಂತರ ಶೇ. 12ರೊಳಗಿದ್ದರೆ ಸಾಕೆಂದು ಮೊದಲೇ ಗೊತ್ತು ಮಾಡಿದ್ದರು. ಈ ಸಡಿಲಿಕೆ ನ್ಯಾಯವಾದದ್ದೆಂದೇ ನಾನು ತಿಳಿಯುತ್ತೇನೆ. ಸಲ್ಫಾ, ಪೆನಿಸಿಲಿನ್, ಸಿಪ್ರೊಫ್ಲೊಕ್ಸಾಸಿನ್ ಒಂದೊಂದಾಗಿ ಈ ಬ್ಯಾಕ್ಟೀರಿಯಾದ ಮುಂದೆ ಸೋತಿವೆ. ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ 2009ರಲ್ಲೇ ಜಪಾನಿನ ಕ್ಯೋಟೋದಲ್ಲಿ ಸಿಕ್ಕಿತ್ತು. ಕೈಯಲ್ಲಿ ಇನ್ನೊಂದು ಮದ್ದು ಇರಲೇಬೇಕು.

ಪ್ರಯೋಗದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆ. ಔಷಧ ಕೊಟ್ಟು ಸುಮಾರು ಆರು ದಿನಕ್ಕೆ ಎಲ್ಲರನ್ನೂ ಮತ್ತೆ ಕರೆದು, ಸ್ವಾಬ್ ತೆಗೆದು, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡಿದರು. ಉರಿ ನಿಂತಿತು ಎಂಬ ರೋಗಿಯ ಮಾತಷ್ಟೇ ಸಾಲದು ಎಂದುಕೊಂಡರು.

ನಮ್ಮಲ್ಲಿ, ಕೋಲಾರದ ಹುತ್ತೂರು ಹೋಬಳಿಯ ಒಬ್ಬನಿಗೆ ಮೂತ್ರದಲ್ಲಿ ಉರಿ, ಕೀವು ಕಾಣಿಸಿಕೊಂಡರೆ? ಊರಿನಲ್ಲಿ ಬಾಯಿಬಿಡಲು ನಾಚಿಕೆ. ಮೆಡಿಕಲ್ ಸ್ಟೋರಿನ ಮಾತ್ರೆಗೆ ಕೈಚಾಚಬಹುದು, ಧೈರ್ಯವಿದ್ದರೆ ಕೋಲಾರದ ಸರ್ಕಾರಿ ಆಸ್ಪತ್ರೆಗೆ ಹೋದಾನು. ಲೈಂಗಿಕ ರೋಗಗಳಿಗೆಂದೇ ಇರುವ ನಮ್ಮ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳು ಲಕ್ಷಣ ನೋಡಿಯೇ ಬೂದು ಬಣ್ಣದ ಪೊಟ್ಟಣ ಕೊಡುತ್ತ ಬಂದಿವೆ: ಅಜಿಥ್ರೊಮೈಸಿನ್ ಒಂದು ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಲ್ಯಾಬ್ ಇಲ್ಲದ ಕಡೆ ಅದು ಎಷ್ಟೋ ಜನರನ್ನು ಉಳಿಸಿದೆ, ಅದನ್ನು ಹಳಿಯಲಾರೆ. ಆದರೆ ಹೆಂಗಸರಲ್ಲಿ ಅನೇಕರಿಗೆ ಲಕ್ಷಣವೇ ಇರುವುದಿಲ್ಲ. ಗಂಟಲಿನ ಸೋಂಕೂ ಸದ್ದಿಲ್ಲದೆ ಕೂತಿರುತ್ತದೆ. ಕೀವು ನಿಂತವನು ತಿರುಗಿ ಬರುವುದಿಲ್ಲ, ಮದ್ದು ಸೋತಿದ್ದರೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇಲ್ಲಿಯೂ ಪ್ರಯೋಗವೇ ನಡೆಯುತ್ತಿದೆ, ಫಲಿತಾಂಶ ಬರೆದುಕೊಳ್ಳುವವರಿಲ್ಲದೆ.

ಹೀಗೆ ಮತ್ತೆ ಕರೆದು ಪರೀಕ್ಷಿಸಲು ತಡೆ ದುಡ್ಡೊಂದೇ ಅಲ್ಲ. ಗೊನೋರಿಯಾದ ಬ್ಯಾಕ್ಟೀರಿಯಾ ಗೊನೋಕಾಕಸ್ ಬಹಳ ಸೂಕ್ಷ್ಮ. ಒಣಗಿದರೆ, ತಣ್ಣಗಾದರೆ ಸಾಯುತ್ತದೆ. ಬೆಳೆಸಲು ಚಾಕೊಲೇಟ್ ಅಗರ್ ಎಂಬ ಮಾಧ್ಯಮ, ಕಾರ್ಬನ್ ಡೈಆಕ್ಸೈಡ್ ಬೇಕು. ಹೋಬಳಿಯಲ್ಲಿ ತೆಗೆದ ಸ್ವಾಬ್ ಅನ್ನು ಸಂಜೆಯ ಬಸ್ಸಿಗೆ ಹಾಕಿ ಕಳಿಸಿದರೆ ಆಗದು. ಟಿ.ಬಿ.ಗೆಂದು ಜಿಲ್ಲಾ ಮಟ್ಟದಲ್ಲಿ ಇಟ್ಟಿರುವ ಸಿಬಿನ್ಯಾಟ್ ಯಂತ್ರಕ್ಕೆ ಗೊನೋರಿಯಾದ ಕಾರ್ಟ್ರಿಜ್ ಕೂಡ ಇದೆ. ರೋಗ ಹಿಡಿಯಲು ಅದು ಸಾಕು. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅದು ಕೆಲವು ದಿನ ತೋರಿಸುತ್ತದೆ, ಯಾವ ಮದ್ದಿಗೆ ಬಗ್ಗುತ್ತದೆಂದು ಹೇಳುವುದಿಲ್ಲ. ಅದಕ್ಕೆ ಬೆಳೆಸಿಯೇ ನೋಡಬೇಕು.

ಹಾಗಾಗಿ ರೋಗಿಯೇ ಲ್ಯಾಬ್ ಇರುವಲ್ಲಿಗೆ ಎರಡು ಸಲ ಬರಬೇಕು: ಮದ್ದಿಗೆ ಮೊದಲೊಮ್ಮೆ, ವಾರದ ಮೇಲೊಮ್ಮೆ. ಟೊಮೆಟೊ ಕೀಳುವ ಕೂಲಿಯವಳು ಬಸ್ ಹಿಡಿದು ಎರಡನೇ ಸಲ ಬರುವಳೆಂದು ನಿರೀಕ್ಷಿಸುವುದಾದರೆ ಅವಳ ಆ ದಿನದ ಕೂಲಿಯನ್ನೂ ಚಿಕಿತ್ಸೆಯ ವೆಚ್ಚಕ್ಕೇ ಸೇರಿಸಬೇಕು. ಗುಟ್ಟು ಕಾಯುವ ಭರವಸೆ ಅದಕ್ಕೂ ಮೊದಲು. ಕೋಲಾರದ ಟಮಕದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಹೊಸ ಪುಡಿ ನಮ್ಮ ಅಂಗಡಿಗಳಿಗೆ ಬರುವ ಮುನ್ನ ಇಂಥ ಕಡೆ ಈ ಎರಡನೇ ಭೇಟಿ ಶುರುವಾಗಬೇಕು. ಇಲ್ಲದಿದ್ದರೆ ಅದು ಯಾವ ವರ್ಷ ಸೋಲತೊಡಗಿತು ಎಂಬುದೂ ನಮಗೆ ತಿಳಿಯದು.